ಕಾಣದ ಕಣಗಳನ್ನು ಅರಿತ ಬಗೆ

ಕಣ್ಣಿಗೆ ಕಾಣುವ ವಸ್ತುವಿನ ವಿಷಯವಾಗಿ ಆಡಿದ ಮಾತನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಹೊಲದಲ್ಲಿ ಜೋಳ ತೆನೆಗಟ್ಟಿದೆ ಎಂದರೆ ಹೋಗಿ ನೋಡಿ ಬರಬಹುದು. ಬಾವಿಯ ನೀರು ಸವುಳು ಎಂದರೆ ಒಂದು ಗುಟುಕು ಕುಡಿದು ತಿಳಿಯಬಹುದು. ಪರಮಾಣುವಿನ ಸಂಗತಿ ಹಾಗಲ್ಲ. ಒಂದು ಸೆಂಟಿಮೀಟರ್ ಉದ್ದದ ಗೆರೆಯನ್ನು ತುಂಬಲು ಅತಿ ಸಣ್ಣ ಪರಮಾಣುಗಳು ಸುಮಾರು 10 ಕೋಟಿ ಬೇಕಾಗುತ್ತವೆ. ಅಂತಹ ಪರಮಾಣುವಿನ ಒಳಗೆ ಇನ್ನೂ ಚಿಕ್ಕ ಕಣಗಳಿವೆಯೆಂದು ಪಠ್ಯಪುಸ್ತಕ ಹೇಳುತ್ತದೆ. ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡುತ್ತಾನೆ, ಪರೀಕ್ಷೆಯಲ್ಲಿ ಬರೆಯುತ್ತಾನೆ, ಅಂಕಗಳನ್ನು ಪಡೆಯುತ್ತಾನೆ. ಇಷ್ಟರಿಂದಲೇ ಅದು ಅವನ ಜ್ಞಾನವಾಯಿತೆನ್ನಬಹುದೇ? ಕಾಣದ ವಸ್ತುವಿನ ಮಾತನ್ನು ಪುಸ್ತಕದಲ್ಲಿದೆ ಎಂಬ ಒಂದೇ ಕಾರಣದಿಂದ ನಂಬುವುದಾದರೆ ವಿಜ್ಞಾನಕ್ಕೂ ವದಂತಿಗೂ ಅಂತರವೇ ಉಳಿಯುವುದಿಲ್ಲ. “ಇದು ಹೇಗೆ ತಿಳಿಯಿತು?” ಎಂಬ ಪ್ರಶ್ನೆಯೇ ಆ ಅಂತರವನ್ನು ಉಂಟುಮಾಡುತ್ತದೆ. ಪರಮಾಣುವಿನ ಪಾಠದಲ್ಲಿ ಈ ಪ್ರಶ್ನೆಗೆ ಮೊದಲ ಸ್ಥಾನ ಸಲ್ಲಬೇಕು.

ಪುಸ್ತಕ ಹೇಳುವುದಿಷ್ಟು: ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಎಂಬ ಅತಿ ಕಿರಿದಾದ ಭಾಗವಿದೆ. ಅದರಲ್ಲಿ ಧನ ವಿದ್ಯುದಂಶವುಳ್ಳ ಪ್ರೋಟಾನುಗಳೂ ವಿದ್ಯುದಂಶವಿಲ್ಲದ ನ್ಯೂಟ್ರಾನುಗಳೂ ಇವೆ. ನ್ಯೂಕ್ಲಿಯಸ್ಸಿನ ಸುತ್ತ ಋಣ ವಿದ್ಯುದಂಶವುಳ್ಳ ಎಲೆಕ್ಟ್ರಾನುಗಳಿವೆ. ಪ್ರೋಟಾನುಗಳ ಸಂಖ್ಯೆಯೇ ಧಾತು ಯಾವುದೆಂಬುದನ್ನು ನಿರ್ಧರಿಸುತ್ತದೆ. ಒಂದು ಪ್ರೋಟಾನಿನ ರಾಶಿ ಎಲೆಕ್ಟ್ರಾನಿನ ರಾಶಿಯ ಸುಮಾರು 1836 ಪಟ್ಟು.

ಈ ಒಂದೊಂದು ವಾಕ್ಯದ ಹಿಂದೆಯೂ ಒಂದೊಂದು ಸಾಕ್ಷ್ಯವಿದೆ. 1897ರಲ್ಲಿ ಇಂಗ್ಲೆಂಡಿನ ಜೆ. ಜೆ. ಥಾಮ್ಸನ್ ಗಾಳಿಯನ್ನು ಬಹುಮಟ್ಟಿಗೆ ಹೊರತೆಗೆದ ಗಾಜಿನ ಕೊಳವೆಯಲ್ಲಿ ವಿದ್ಯುತ್ತನ್ನು ಹರಿಸಿ, ಅಲ್ಲಿ ಹೊರಡುವ ಕಿರಣಗಳನ್ನು ಕಾಂತದಿಂದಲೂ ವಿದ್ಯುತ್ತಿನಿಂದಲೂ ಬಾಗಿಸಿದನು. ಕೊಳವೆಯಲ್ಲಿದ್ದ ಅನಿಲವನ್ನು ಬದಲಾಯಿಸಿದರೂ ಲೋಹವನ್ನು ಬದಲಾಯಿಸಿದರೂ ಕಿರಣಗಳು ಬಾಗಿದ ರೀತಿ ಒಂದೇ ಆಗಿತ್ತು. ಎಲ್ಲ ವಸ್ತುಗಳಲ್ಲಿಯೂ ಒಂದೇ ಬಗೆಯ ಋಣಕಣವಿದೆಯೆಂದು ಆತನು ತೀರ್ಮಾನಿಸಿದನು. ಅದೇ ಎಲೆಕ್ಟ್ರಾನು. 1909ರಲ್ಲಿ ರದರ್‌ಫರ್ಡನ ಜೊತೆಗಾರರಾದ ಗೈಗರ್ ಮತ್ತು ಮಾರ್ಸ್‌ಡನ್ ತೆಳುವಾದ ಚಿನ್ನದ ತಗಡಿನ ಮೇಲೆ ವೇಗದ ಆಲ್ಫಾ ಕಣಗಳನ್ನು ಹಾಯಿಸಿದರು. ಹೆಚ್ಚಿನವು ತಡೆಯಿಲ್ಲದೆ ದಾಟಿಹೋದುವು. ಸಾವಿರಾರು ಕಣಗಳಲ್ಲಿ ಎಲ್ಲೋ ಒಂದು ಹಿಂದಕ್ಕೆ ಸಿಡಿಯಿತು. ಭಾರವೆಲ್ಲ ನಡುವಿನ ಒಂದು ಚುಕ್ಕೆಯಲ್ಲಿ ಸೇರಿರದಿದ್ದರೆ ಹೀಗಾಗಲು ಸಾಧ್ಯವಿರಲಿಲ್ಲ. 1911ರಲ್ಲಿ ರದರ್‌ಫರ್ಡ್ ಇದನ್ನು ಗಣಿತದಿಂದ ತೋರಿಸಿಕೊಟ್ಟನು. ಮುಂದೆ ಆತನೇ ನೈಟ್ರೋಜನ್ನಿನಿಂದ ಪ್ರೋಟಾನು ಹೊರಬೀಳುವುದನ್ನು ಕಂಡು 1919ರಲ್ಲಿ ಪ್ರಕಟಿಸಿದನು. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಗುರುತಿಸಿದನು. ವಿದ್ಯುದಂಶವಿಲ್ಲದ ಆ ಕಣ ತಾನಾಗಿ ಯಾವ ಗುರುತನ್ನೂ ಬಿಡುವುದಿಲ್ಲ. ಅದು ಮೇಣಕ್ಕೆ ಬಡಿದು ಹೊರದೂಡಿದ ಪ್ರೋಟಾನುಗಳ ವೇಗವನ್ನು ಅಳೆದು ಅದರ ಇರವನ್ನು ತಿಳಿಯಬೇಕಾಯಿತು.

ಚಿನ್ನದ ತಗಡಿನ ಪ್ರಯೋಗ ಹೇಳಿದ ಸಂಗತಿಯ ಅಳತೆಯನ್ನು ವಿಜಯಪುರದ ಗೋಳಗುಮ್ಮಟದಿಂದ ಊಹಿಸಿಕೊಳ್ಳಬಹುದು. ಅದರ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಚಿನ್ನದ ಒಂದು ಪರಮಾಣು ಅಷ್ಟು ದೊಡ್ಡದಾಗಿದ್ದರೆ ಅದರ ನ್ಯೂಕ್ಲಿಯಸ್ ನಡುವಿನಲ್ಲಿ ಇಟ್ಟ ಒಂದು ಸಾಸಿವೆ ಕಾಳಿನಷ್ಟಿರುತ್ತದೆ. ಆದರೂ ಪರಮಾಣುವಿನ ಭಾರದಲ್ಲಿ ಹೆಚ್ಚುಕಡಿಮೆ ಎಲ್ಲವೂ ಆ ಕಾಳಿನಲ್ಲಿಯೇ ಇರುತ್ತದೆ.

ಪುಸ್ತಕದಲ್ಲಿ ಅಚ್ಚಾಗಿರುವ ಚಿತ್ರದ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಸೂರ್ಯನನ್ನು ಗ್ರಹಗಳು ಸುತ್ತುವಂತೆ ಎಲೆಕ್ಟ್ರಾನುಗಳು ಗೊತ್ತಾದ ದಾರಿಯಲ್ಲಿ ನ್ಯೂಕ್ಲಿಯಸ್ಸನ್ನು ಸುತ್ತುತ್ತಿರುವಂತೆ ಅಲ್ಲಿ ತೋರಿಸಿರುತ್ತದೆ. ಇದು ನೀಲ್ಸ್ ಬೋರ್ 1913ರಲ್ಲಿ ಮುಂದಿಟ್ಟ ಕಲ್ಪನೆಯನ್ನು ಹೋಲುತ್ತದೆ. 1926ರ ಹೊತ್ತಿಗೆ ವಿಜ್ಞಾನಿಗಳು ಅದನ್ನು ತಿದ್ದಿದರು. ಎಲೆಕ್ಟ್ರಾನಿಗೆ ಗೆರೆ ಎಳೆದಂತಹ ದಾರಿಯಿಲ್ಲ. ಯಾವ ಎಡೆಯಲ್ಲಿ ಅದು ಕಂಡುಬರುವ ಸಂಭವ ಎಷ್ಟು ಎಂದಷ್ಟೇ ಹೇಳಬಹುದು. ಪ್ರೋಟಾನು ಮತ್ತು ನ್ಯೂಟ್ರಾನುಗಳೂ ಒಡೆಯದ ಗುಂಡುಗಳಲ್ಲ. ಅವುಗಳೊಳಗೆ ಕ್ವಾರ್ಕ್ ಎಂಬ ಕಣಗಳಿವೆಯೆಂಬ ಕಲ್ಪನೆ 1964ರಲ್ಲಿ ಹುಟ್ಟಿ, 1968ರಿಂದ ಮುಂದೆ ನಡೆದ ಪ್ರಯೋಗಗಳಿಂದ ಬಲಗೊಂಡಿತು. ಚಿತ್ರ ತಿಳಿವಳಿಕೆಗೆ ಒಂದು ಊರುಗೋಲು. ಅದನ್ನು ಸುಂದರವಾಗಿ ಬರೆದು ಹೆಸರುಗಳನ್ನು ತುಂಬಿದ ಮಾತ್ರಕ್ಕೆ ಪರಮಾಣು ಅರ್ಥವಾಯಿತೆಂದು ಭಾವಿಸಬಾರದು.

ಇಷ್ಟೆಲ್ಲ ದೂರದ ದೇಶಗಳ ಪ್ರಯೋಗಶಾಲೆಗಳ ಮಾತು, ಹಳ್ಳಿಯ ವಿದ್ಯಾರ್ಥಿಗೆ ಇದರಿಂದ ಏನು ಎಂದು ಕೆಲವರು ಕೇಳುವುದುಂಟು. ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯ ನೆಲವೇ ಇದಕ್ಕೆ ಉತ್ತರ ಹೇಳುತ್ತದೆ. ಮಡಿವಾಳ ಮಾಚಿದೇವರ ಜನ್ಮಸ್ಥಳವೆಂದು ಹೆಸರಾದ ಈ ಊರಿನ ಸುತ್ತಲೂ, ಇಂಡಿ, ಸಿಂದಗಿ, ಬಸವನ ಬಾಗೇವಾಡಿಗಳ ಬಹುಭಾಗದಲ್ಲಿಯೂ ಎರೆಭೂಮಿ ಹರಡಿದೆ. ಬಿಳಿಜೋಳ ಬೆಳೆಯುವ ಈ ಕರಿಮಣ್ಣು ಅಡಿಯಲ್ಲಿರುವ ಕರಿಕಲ್ಲು ಸವೆದು ಆದದ್ದು. ಆ ಕರಿಕಲ್ಲು ಒಂದಾನೊಂದು ಕಾಲದಲ್ಲಿ ಭೂಗರ್ಭದಿಂದ ಉಕ್ಕಿ, ಪದರಪದರವಾಗಿ ಹರಿದು ಆರಿದ ಲಾವಾರಸ. ದಖ್ಖನ್ ಪ್ರಸ್ಥಭೂಮಿಯಲ್ಲಿ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಪ್ರದೇಶವನ್ನು ಅದು ಹೊದ್ದುಕೊಂಡಿದೆ. ಅದರ ವಯಸ್ಸು ಸುಮಾರು 6.6 ಕೋಟಿ ವರ್ಷ.

ಈ ವಯಸ್ಸನ್ನು ಯಾರು ಎಣಿಸಿದರು? ಕಲ್ಲಿನಲ್ಲಿರುವ ಪೊಟ್ಯಾಸಿಯಂ ಪರಮಾಣುಗಳೇ ಅದನ್ನು ಎಣಿಸುತ್ತ ಬಂದಿವೆ. ಪೊಟ್ಯಾಸಿಯಂ ನ್ಯೂಕ್ಲಿಯಸ್ಸಿನಲ್ಲಿ 19 ಪ್ರೋಟಾನುಗಳಿವೆ. ಈ ಧಾತುವಿನ ಒಂದು ಲಕ್ಷ ಪರಮಾಣುಗಳಲ್ಲಿ ಸುಮಾರು 12ರಲ್ಲಿ ಮಾತ್ರ 21 ನ್ಯೂಟ್ರಾನುಗಳಿರುತ್ತವೆ. 19 ಮತ್ತು 21 ಸೇರಿ 40 ಆಗುವುದರಿಂದ ಇದಕ್ಕೆ ಪೊಟ್ಯಾಸಿಯಂ-40 ಎಂದು ಹೆಸರು. ಈ ನ್ಯೂಕ್ಲಿಯಸ್ ಸ್ಥಿರವಲ್ಲ. ಸುಮಾರು 125 ಕೋಟಿ ವರ್ಷಗಳಲ್ಲಿ ಇಂತಹ ಪರಮಾಣುಗಳಲ್ಲಿ ಅರ್ಧದಷ್ಟು ಬೇರೆ ಧಾತುಗಳಾಗಿ ಮಾರ್ಪಡುತ್ತವೆ. ಮಾರ್ಪಟ್ಟವುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಗುತ್ತವೆ. ಹತ್ತರಲ್ಲಿ ಒಂದರಷ್ಟು, ಒಂದು ಪ್ರೋಟಾನು ನ್ಯೂಟ್ರಾನಾಗಿ ಬದಲಾಗುವುದರಿಂದ, 18 ಪ್ರೋಟಾನುಗಳ ಆರ್ಗಾನ್ ಅನಿಲವಾಗುತ್ತವೆ.

ಕಲ್ಲು ಕರಗಿ ಹರಿಯುತ್ತಿರುವಾಗ ಅದರಲ್ಲಿದ್ದ ಆರ್ಗಾನ್ ಹೊರಟುಹೋಗುತ್ತದೆ. ಆರಿ ಗಟ್ಟಿಯಾದ ಮೇಲೆ ಹುಟ್ಟಿದ ಆರ್ಗಾನ್ ಒಳಗೇ ಸೆರೆಯಾಗುತ್ತದೆ. ಆದ್ದರಿಂದ ಕಲ್ಲನ್ನು ಕಾಯಿಸಿ, ಹೊರಬರುವ ಆರ್ಗಾನನ್ನೂ ಉಳಿದಿರುವ ಪೊಟ್ಯಾಸಿಯಮ್ಮನ್ನೂ ಅಳೆದರೆ, ಅದು ಆರಿ ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಬಹುದು. 6.6 ಕೋಟಿ ವರ್ಷಗಳಲ್ಲಿ ಮಾರ್ಪಟ್ಟ ಪೊಟ್ಯಾಸಿಯಂ-40 ನೂರರಲ್ಲಿ ನಾಲ್ಕು ಭಾಗವೂ ಇಲ್ಲ. ಅಷ್ಟು ಸ್ವಲ್ಪವನ್ನು ಅಳೆಯುವ ಸೂಕ್ಷ್ಮ ಉಪಕರಣಗಳು ಇಂದು ಇವೆ. ಹೊಲದ ಬದುವಿನ ಕಲ್ಲು, ಮನೆಯ ಗೋಡೆಯ ಕಲ್ಲು ಎರಡೂ ಹೀಗೆ ಕಾಲವನ್ನು ಎಣಿಸುತ್ತಿವೆ. ಜೋಳದ ರೊಟ್ಟಿಯಲ್ಲಿಯೂ ಪೊಟ್ಯಾಸಿಯಂ ಇದೆ. ಅದನ್ನು ಉಣ್ಣುವ ಮನುಷ್ಯನ ಮೈಯಲ್ಲಿಯೂ ಇದೆ. ಬೆಳೆದ ಮನುಷ್ಯನ ದೇಹದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 4000 ಪೊಟ್ಯಾಸಿಯಂ-40 ಪರಮಾಣುಗಳು ಮಾರ್ಪಡುತ್ತಿರುತ್ತವೆ. ಪರಮಾಣುವಿನ ಪಾಠ ಹಳ್ಳಿಗೆ ದೂರದ್ದೆಂಬ ಮಾತು ನಿಲ್ಲಲಾರದು.

ಪೊಟ್ಯಾಸಿಯಮ್ಮಿನಲ್ಲಿ ಪ್ರೋಟಾನು ನ್ಯೂಟ್ರಾನಾಗಬಲ್ಲದು. ನ್ಯೂಕ್ಲಿಯಸ್ಸಿನ ಹೊರಗೆ ಒಂಟಿಯಾಗಿರುವ ಪ್ರೋಟಾನು ಎಂದಾದರೂ ಅಳಿದೀತೇ? ಅದು ಶಾಶ್ವತವೆಂದು ಬಹುಕಾಲ ಎಲ್ಲರೂ ಒಪ್ಪಿದ್ದರು. ಒಪ್ಪಿದ ಮಾತನ್ನೂ ಪರೀಕ್ಷಿಸಬೇಕೆಂಬ ಪ್ರಯತ್ನ ಕರ್ನಾಟಕದ ಕೋಲಾರ ಚಿನ್ನದ ಗಣಿಯಲ್ಲಿಯೇ ನಡೆಯಿತು. 1950ರ ದಶಕದಿಂದಲೇ ಅಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆಕಾಶದಿಂದ ಬರುವ ವಿಶ್ವಕಿರಣಗಳನ್ನು ಅಳೆಯುತ್ತಿದ್ದರು. ಮೇಲಿನ ಬಂಡೆ ಇತರ ಕಣಗಳನ್ನು ತಡೆಯುವುದರಿಂದ ಆಳದ ಗಣಿ ಇಂತಹ ಕೆಲಸಕ್ಕೆ ಅನುಕೂಲವಾಗಿತ್ತು. 1965ರಲ್ಲಿ ಭಾರತ, ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ಸೇರಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಇಂತಹ ಗುರುತು ದೊರಕಿತು. ಜಗತ್ತಿನಲ್ಲಿ ಈ ಕಣಗಳನ್ನು ಹಾಗೆ ಕಂಡದ್ದು ಅದೇ ಮೊದಲು.

1980ರಿಂದ ಅದೇ ಆಳದಲ್ಲಿ ಪ್ರೋಟಾನಿನ ಆಯುಸ್ಸನ್ನು ಪರೀಕ್ಷಿಸುವ ಕೆಲಸ ಆರಂಭವಾಯಿತು. ಒಂದು ಪ್ರೋಟಾನನ್ನು ಕಾಯುತ್ತ ಕುಳಿತರೆ ಪ್ರಯೋಜನವಿಲ್ಲ; ಅಸಂಖ್ಯಾತ ಪ್ರೋಟಾನುಗಳನ್ನು ಒಟ್ಟುಗೂಡಿಸಿ ಕಾಯಬೇಕು. ಅದಕ್ಕಾಗಿ 140 ಟನ್ ಕಬ್ಬಿಣದ ನಡುವೆ ಕಣಗಳನ್ನು ಪತ್ತೆಮಾಡುವ ಉಪಕರಣಗಳನ್ನು ಇಟ್ಟರು. ಆ ಕಬ್ಬಿಣದಲ್ಲಿರುವ ಪ್ರೋಟಾನು ನ್ಯೂಟ್ರಾನುಗಳ ಒಟ್ಟು ಸಂಖ್ಯೆ 8ರ ಮುಂದೆ 31 ಸೊನ್ನೆಗಳನ್ನು ಬರೆದಷ್ಟು. ಪ್ರೋಟಾನು ಅಳಿದ ಗುರುತಿರಬಹುದಾದ ಕೆಲವು ಘಟನೆಗಳನ್ನು ಅವರು ಪ್ರಕಟಿಸಿದರು. ಇತರ ದೇಶಗಳ ಇನ್ನೂ ದೊಡ್ಡ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. ಪ್ರೋಟಾನು ಅಳಿಯುವುದಾದರೂ, ಅಳಿಯಬಹುದಾದ ಒಂದು ಮುಖ್ಯ ರೀತಿಯಲ್ಲಿ ಅದರ ಸರಾಸರಿ ಆಯುಸ್ಸು 1ರ ಮುಂದೆ 34 ಸೊನ್ನೆಗಳಷ್ಟು ವರ್ಷಗಳಿಗಿಂತ ಹೆಚ್ಚೆಂದು ಜಪಾನಿನ ಪ್ರಯೋಗದಿಂದ ಇಂದು ತಿಳಿದಿದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ನಡೆದ ಕೆಲಸ ವ್ಯರ್ಥವಾಯಿತೆಂದು ಹೇಳಲಾಗದು. ಎಲ್ಲರೂ ನಂಬಿದ್ದ ಒಂದು ವಾಕ್ಯವನ್ನು ಪರೀಕ್ಷೆಗೆ ಒಡ್ಡಿದ್ದು, ತಮ್ಮ ಫಲಿತಾಂಶವನ್ನು ಇತರರ ಪರೀಕ್ಷೆಗೆ ಬಿಟ್ಟುಕೊಟ್ಟದ್ದು, ಎರಡೂ ವಿಜ್ಞಾನದ ನಡೆಯೇ.

ಬಾಯಿಪಾಠವೇ ಬೇಡವೆಂದು ಇದರ ಅರ್ಥವಲ್ಲ. ಮಗ್ಗಿ ಬಾರದವನಿಗೆ ಲೆಕ್ಕ ಬಾರದು. ಧಾತುಗಳ ಹೆಸರು ತಿಳಿಯದವನಿಗೆ ರಸಾಯನಶಾಸ್ತ್ರ ಸಾಗದು. ಎಲ್ಲ ಪ್ರಯೋಗಗಳನ್ನೂ ಶಾಲೆಯಲ್ಲಿ ಮಾಡಿ ತೋರಿಸುವುದೂ ಆಗದ ಕೆಲಸ. ಮೊದಲು ಕಲಿಯಲಿ, ಪ್ರಶ್ನೆ ಮುಂದೆ ಕಾಲೇಜಿನಲ್ಲಿ ಬರಲಿ ಎಂಬ ವಾದಕ್ಕೆ ಇದರಿಂದ ಬಲ ಬಂದಂತೆ ತೋರಬಹುದು. ಆದರೆ ಒಂಬತ್ತನೆಯ ತರಗತಿಯಲ್ಲಿ ಕೇಳದ ಪ್ರಶ್ನೆಯನ್ನು ಮುಂದೆ ಕೇಳುವ ಅಭ್ಯಾಸ ತಾನಾಗಿ ಬರುವುದಿಲ್ಲ. ಅಲ್ಲದೆ ಅನೇಕರ ವಿಜ್ಞಾನದ ಓದು ಶಾಲೆಯಲ್ಲಿಯೇ ಮುಗಿಯುತ್ತದೆ. ಅಂತಹವರಿಗೆ ಉಳಿಯುವುದು ಪ್ರೋಟಾನುಗಳ ಸಂಖ್ಯೆಯಲ್ಲ, ಅದು ಕೆಲವು ವರ್ಷಗಳಲ್ಲಿ ಮರೆತುಹೋಗುತ್ತದೆ. ಕಾಣದ ಸಂಗತಿಯನ್ನು ಯಾರಾದರೂ ಖಚಿತವಾಗಿ ಹೇಳಿದಾಗ ಅದರ ಆಧಾರವನ್ನು ಕೇಳುವ ಅಭ್ಯಾಸ ಮಾತ್ರ ಬಾಳಿನುದ್ದಕ್ಕೂ ಉಪಯೋಗಕ್ಕೆ ಬರುತ್ತದೆ. ರೋಗಕ್ಕೆ ಔಷಧಿ ಕೊಳ್ಳುವಾಗ, ಹೊಲಕ್ಕೆ ಬೀಜ ಗೊಬ್ಬರ ತರುವಾಗ, ಬಾಯಿಂದ ಬಾಯಿಗೆ ಹರಡುವ ಸುದ್ದಿಯನ್ನು ಕೇಳುವಾಗ ಆ ಅಭ್ಯಾಸವಿದ್ದವನು ಮೋಸಹೋಗುವುದು ಕಡಿಮೆ.

ಆದುದರಿಂದ ಶಿಕ್ಷಕರು ಪರಮಾಣುವಿನ ಚಿತ್ರವನ್ನು ಬರೆಯಿಸುವ ಮುನ್ನ ಅದನ್ನು ಕಂಡುಕೊಂಡ ಬಗೆಯನ್ನು ಹೇಳುವುದು ಒಳ್ಳೆಯದು. ವಿದ್ಯಾರ್ಥಿಯು ಪೊಟ್ಯಾಸಿಯಮ್ಮಿನಲ್ಲಿ 19 ಪ್ರೋಟಾನುಗಳಿವೆಯೆಂದು ಓದಿದಾಗ, ಅದು ಹೇಗೆ ತಿಳಿಯಿತೆಂದು ಕೇಳಲು ಸಂಕೋಚಪಡಬಾರದು. ಸರಿಯಾದ ಜ್ಞಾನ ಆ ಪ್ರಶ್ನೆಯಿಂದ ಕುಗ್ಗುವುದಿಲ್ಲ. ಪ್ರತಿ ಸಲ ಉತ್ತರ ದೊರೆತಾಗಲೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ.