ಮದುವೆ ಮನೆಗೆ ಏನು ಒಯ್ಯುವಿರಿ?

ಮದುವೆಯ ಕಾಗದ ಕೈಗೆ ಬಂದೊಡನೆ ಯಾವ ಉಡುಗೆ ಎಂಬುದು ನಿಮ್ಮ ಮೊದಲ ಚಿಂತೆಯಾದರೆ, ಏನು ಉಡುಗೊರೆ ಎಂಬುದು ಎರಡನೆಯದು. ಕೊನೆಗೆ ಹೋಗುವ ದಾರಿಯಲ್ಲಿ ಒಂದು ಗೋಡೆ ಗಡಿಯಾರ ಅಥವಾ ಲೆಮನ್ ಸೆಟ್. ಅದೂ ಆಗದಿದ್ದರೆ ಒಂದು ಕವರು. ಎರಡು ಕೋಣೆಯ ಮನೆಗೆ ಏಳು ಗಡಿಯಾರಗಳು! ಅವು ಅಟ್ಟ ಸೇರಿ, ಮುಂದಿನ ಮದುವೆಗೆ ಹೊಸ ಬಣ್ಣದ ಕಾಗದ ಸುತ್ತಿಕೊಂಡು ಹೊರಡುತ್ತವೆ.

ಇದರಲ್ಲಿ ನಗುವಂಥದ್ದಷ್ಟೇ ಇಲ್ಲ ಸಹೋದರಿ. ಯಾರು ಎಷ್ಟು ಕೊಟ್ಟರೆಂದು ಪುಸ್ತಕದಲ್ಲಿ ಬರೆದಿಡುವ ಮನೆಗಳಿವೆ. ಬೀಡಿ ಕಟ್ಟಿ ಬದುಕುವ ಚಿಕ್ಕಮ್ಮ ಅಂತಹ ಮನೆಗೆ ಬರಬೇಕಾದರೆ ಇದ್ದೊಂದು ಬಳೆಯನ್ನು ಅಡವಿಡಬೇಕು, ಅದೂ ಬಡ್ಡಿಗೆ. ಇಲ್ಲವೇ ಜ್ವರದ ನೆಪ ಹೇಳಿ ಮನೆಯಲ್ಲೇ ಉಳಿಯಬೇಕು. ನಿಮ್ಮ ಕುಟುಂಬದಲ್ಲಿ ಹಾಗೆ ಉಳಿದವರು ಯಾರಾದರೂ ಇದ್ದಾರೆಯೇ?

ಪ್ರವಾದಿವರ್ಯರು(ಸ) ಹ. ಝೈನಬ್(ರ)ರನ್ನು ವಿವಾಹವಾದಾಗ ಹ. ಉಮ್ಮು ಸುಲೈಮ್(ರ) ಖರ್ಜೂರ, ತುಪ್ಪ ಮತ್ತು ಒಣಗಿಸಿದ ಮೊಸರು ಸೇರಿಸಿ 'ಹೈಸ್' ಎಂಬ ತಿನಿಸು ಮಾಡಿ ಮಗ ಅನಸ್(ರ)ರ ಕೈಯಲ್ಲಿ ಕಳುಹಿಸಿದರು. ಸಲಾಮ್ ತಿಳಿಸಿ, ಇದು ನಮ್ಮ ಕಡೆಯ ಚಿಕ್ಕ ಪಾಲು ಎಂದು ಹೇಳಲೂ ಸೂಚಿಸಿದರು. ಆ ಒಂದು ಪಾತ್ರೆಯಿಂದ ಮುನ್ನೂರರಷ್ಟು ಮಂದಿ ಉಂಡರೆಂದು ಹದೀಸ್‌ನಲ್ಲಿದೆ. ಅಡುಗೆ ಮನೆಯಲ್ಲಿ ಇದ್ದುದರಿಂದಲೇ ಆದ ಉಡುಗೊರೆ ಅದು.

ಧಾರಾಳವಾಗಿ ಕೊಡಬೇಕೆಂದಿದ್ದರೆ ಮೊದಲು ವಧುವಿನ ಅಕ್ಕನನ್ನೋ ತಂಗಿಯನ್ನೋ ಗುಟ್ಟಾಗಿ ವಿಚಾರಿಸಿ. ಬಾಡಿಗೆ ಮನೆಯಲ್ಲಿ ಸಂಸಾರ ಹೂಡುವವರಿಗೆ ಗ್ಯಾಸ್ ಒಲೆ, ಮಿಕ್ಸಿ, ಕುಕ್ಕರ್, ಕೊನೆಗೆ ಬಕೆಟ್ ಕೂಡ ಬೇಕು. ಐದು ಮನೆಯವರು ಸೇರಿದರೆ ಒಂದು ಫ್ರಿಜ್ ಬಂದೀತು. ಯಾರು ಎಷ್ಟು ಹಾಕಿದರೆಂಬುದು ಚೀಟಿಯಲ್ಲಿ ಬೇಡ, ಐವರ ಹೆಸರೂ ಇರಲಿ. ಆ ಚಿಕ್ಕಮ್ಮನ ನೂರು ರೂಪಾಯಿಗೂ ಅಲ್ಲಿ ಜಾಗವಿದೆ. ವಧುವಿನ ಬಿ.ಎಡ್. ಅರ್ಧಕ್ಕೆ ನಿಂತಿದ್ದರೆ ಅದರ ಶುಲ್ಕ ಕಟ್ಟಿಬಿಡಿ. ನನಗಂತೂ ಇದಕ್ಕಿಂತ ದೊಡ್ಡ ಉಡುಗೊರೆ ತೋಚುವುದಿಲ್ಲ.

ಆದರೆ ವರನ ಕಡೆಯವರು 'ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವು ಕೊಡುವುದು' ಎಂದು ನಗುತ್ತಾ ಕೇಳಿ ಪಡೆಯುವುದು ಉಡುಗೊರೆಯಲ್ಲ. 1961ರ ವರದಕ್ಷಿಣೆ ನಿಷೇಧ ಕಾನೂನು, ಕೇಳದೆ ಕೊಟ್ಟ ಉಡುಗೊರೆಯನ್ನಷ್ಟೇ ಬಿಟ್ಟಿದೆ. ಅದಕ್ಕೂ ಪಟ್ಟಿ ಮಾಡಬೇಕು. 1985ರ ನಿಯಮದಂತೆ ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರು ಸಂಬಂಧಿಕರಾದರೆ ಆ ಸಂಬಂಧ ಬರೆದು ವಧೂವರರಿಬ್ಬರೂ ಸಹಿ ಹಾಕಬೇಕು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದು ನಡೆಯುತ್ತಿದೆ? ತಲಾಖ್ ಆದ ಸಂದರ್ಭದಲ್ಲಿ, ಮದುವೆಗೆ ಮುಂಚೆ, ಮದುವೆಯಲ್ಲಿ ಮತ್ತು ಆಮೇಲೆ ಬಂಧುಗಳು, ಗೆಳೆಯರು, ಗಂಡ ಮತ್ತು ಗಂಡನ ಕಡೆಯವರು ತನಗೆ ಕೊಟ್ಟುದೆಲ್ಲವನ್ನೂ ಪಡೆಯುವ ಹಕ್ಕನ್ನು 1986ರ ಮುಸ್ಲಿಮ್ ಮಹಿಳಾ ಕಾನೂನು ಆಕೆಗೆ ನೀಡಿದೆ. ಆಗ ಪಟ್ಟಿಯಿಲ್ಲದ ಹೆಣ್ಣು ಸಾಕ್ಷಿ ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಚಿನ್ನ ಕೊಡುವವರು ರಶೀದಿಯನ್ನು ವಧುವಿನ ಹೆಸರಲ್ಲೇ ಮಾಡಿಸಿ ಜೊತೆಗೆ ಕೊಡಿ. ಪಟ್ಟಿಯ ಒಂದು ಜೆರಾಕ್ಸ್ ಪ್ರತಿ ಅವಳ ತಾಯಿಯ ಕಪಾಟಿನಲ್ಲಿರಲಿ.