ಒಂದೇ ಹಣಕ್ಕೆ ಎರಡು ತೆರಿಗೆಯೇ?

ನಿವೃತ್ತಿಗೆಂದು ಕೂಡಿಟ್ಟ ಹಣಕ್ಕೆ ಎರಡು ಬಾರಿ ತೆರಿಗೆ ತೆರುವ ಅಪಾಯ ಅಮೆರಿಕದಲ್ಲಿ ಇಂದಿಗೂ ಇದೆ. ಉದ್ಯೋಗದಾತರ ನಿವೃತ್ತಿ ಯೋಜನೆಯಲ್ಲಿದ್ದು ಆದಾಯವೂ ನಿಗದಿತ ಮಿತಿ ಮೀರಿದವರು ಸಾಂಪ್ರದಾಯಿಕ ಐಆರ್‌ಎ ಖಾತೆಗೆ ಕಟ್ಟುವ ವಂತಿಗೆಗೆ ತೆರಿಗೆ ವಿನಾಯಿತಿ ಇಲ್ಲ. 1986ರ ತೆರಿಗೆ ಸುಧಾರಣಾ ಕಾಯ್ದೆ ಅವಕಾಶ ನೀಡಿದ ಈ ವಂತಿಗೆಯನ್ನು ಹಿಂಪಡೆವಾಗ ಗಳಿಕೆಗೆ ಮಾತ್ರ ತೆರಿಗೆ, ಅಸಲಿಗಿಲ್ಲ.

ಆದರೆ ಅಸಲನ್ನಷ್ಟೇ ಮೊದಲು ತೆಗೆಯುವಂತಿಲ್ಲ. ಇಂಥ ಖಾತೆಗಳಲ್ಲಿರುವ ಒಟ್ಟು 1 ಲಕ್ಷ ಡಾಲರ್‌ನಲ್ಲಿ ತೆರಿಗೆ ತೆತ್ತ ಅಸಲು 20 ಸಾವಿರವಾದರೆ, 10 ಸಾವಿರ ತೆಗೆದಾಗ ತೆರಿಗೆಮುಕ್ತವಾಗುವುದು 2 ಸಾವಿರ ಮಾತ್ರ.

ಈ ಲೆಕ್ಕಕ್ಕೆ 8606ನೇ ನಮೂನೆಯೇ ಆಧಾರ. ದಶಕಗಳ ಕಾಲ ಅದನ್ನು ಕಾಪಿಡುವ ಹೊಣೆ ಖಾತೆದಾರನದು. ದಾಖಲೆ ಕಳೆದರೆ ಅಸಲಿಗೂ ತೆರಿಗೆ ಬೀಳಬಹುದು. ಅಲ್ಲಿ ದುಡಿಯುತ್ತಿರುವ ಕನ್ನಡಿಗರೂ ಇದನ್ನು ಗಮನಿಸಬೇಕು. ನಮೂನೆ ಸ್ವೀಕರಿಸುವ ತೆರಿಗೆ ಇಲಾಖೆಯೇ ಅಸಲಿನ ಲೆಕ್ಕವಿಟ್ಟು ವರ್ಷವರ್ಷವೂ ತಿಳಿಸುವುದು ನ್ಯಾಯ.