ಒಂದೇ ಮೇಜು

2024ರ ಜೂನ್ ತಿಂಗಳಿನಲ್ಲಿ ನಾನೂ ನನ್ನ ಪತ್ನಿಯೂ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ನಗರದಲ್ಲಿರುವ ಮಗಳ ಮನೆಯಲ್ಲಿದ್ದೆವು. ಆ ಪ್ರವಾಸದ ಬಗ್ಗೆ ಬರೆಯಿರೆಂದು ಹಳೆಯ ವಿದ್ಯಾರ್ಥಿಗಳು ಹಲವರು ಕೇಳುತ್ತಲೇ ಇದ್ದಾರೆ. ಗೋಲ್ಡನ್ ಗೇಟ್ ಸೇತುವೆಯ ವರ್ಣನೆಯನ್ನು ನಿರೀಕ್ಷಿಸುತ್ತಿರುವವರು ಕ್ಷಮಿಸಬೇಕು. ನನಗೆ ಬರೆಯಬೇಕೆನಿಸಿರುವುದು ಅಲ್ಲಿ ಒಂದು ಸಂಜೆ ಮಾಡಿದ ಊಟದ ವಿಚಾರ.

ಆ ನಗರದಲ್ಲಿ ಲಕ್ಷಕ್ಕೂ ಮಿಕ್ಕಿ ವಿಯೆಟ್ನಾಮೀಯರಿದ್ದಾರೆ. 1975ರ ಏಪ್ರಿಲ್ 30ರಂದು ಸೈಗಾನ್ ಉತ್ತರದ ಸೇನೆಯ ವಶವಾದಾಗ ದೇಶ ತೊರೆದವರು, ಅನಂತರದ ವರ್ಷಗಳಲ್ಲಿ ಸಣ್ಣ ದೋಣಿಗಳಲ್ಲಿ ಸಮುದ್ರಕ್ಕಿಳಿದು ಬದುಕುಳಿದವರು, ಅವರ ಮಕ್ಕಳು, ಮೊಮ್ಮಕ್ಕಳು. ಸ್ಟೋರಿ ರೋಡ್ ಎಂಬ ರಸ್ತೆಯಲ್ಲಿ ಎತ್ತ ನೋಡಿದರೂ ಅವರ ಭಾಷೆಯ ಫಲಕಗಳೇ. ಲಿಪಿ ರೋಮನ್ನಾದರೂ ಅಕ್ಷರಗಳ ತಲೆಯ ಮೇಲೂ ಕಾಲಡಿಯಲ್ಲೂ ಚಿಹ್ನೆಗಳ ಸಂತೆ! 'ಮ' ಎಂಬ ಒಂದೇ ಉಚ್ಚಾರವನ್ನು ಆರು ಬಗೆಯ ಸ್ವರದಲ್ಲಿ ಹೇಳಿದರೆ ತಾಯಿ, ದೆವ್ವ, ಕುದುರೆ, ಭತ್ತದ ಸಸಿ ಎಂದೆಲ್ಲ ಅರ್ಥ ಬದಲಾಗುವುದಂತೆ. ಅಲ್ಪಪ್ರಾಣ ಮಹಾಪ್ರಾಣಗಳನ್ನೇ ತಿದ್ದಿ ತಿದ್ದಿ ಸುಸ್ತಾದ ನನಗೆ ಅಲ್ಲಿನ ಮೇಷ್ಟ್ರುಗಳ ಬಗ್ಗೆ ಅನುಕಂಪ ಮೂಡಿತು.

ಆ ರಸ್ತೆಯ ಸಾಧಾರಣ ಹೋಟೆಲೊಂದಕ್ಕೆ ಮಗಳು, ಅಳಿಯ, ಹನ್ನೊಂದು ವರ್ಷದ ಮೊಮ್ಮಗ, ನಾವಿಬ್ಬರು ಹೋದೆವು. ಬಾಗಿಲು ತೆರೆದೊಡನೆ ಚಕ್ಕೆ, ಚಕ್ರಮೊಗ್ಗು, ಸುಟ್ಟ ಶುಂಠಿಯ ಪರಿಮಳ. ಅದರಡಿಯಲ್ಲಿ ಇನ್ನೊಂದು ವಾಸನೆ. ಅದು ಮೀನಿನ ರಸದ್ದು. ಸಣ್ಣ ಮೀನುಗಳನ್ನು ಉಪ್ಪಿನೊಡನೆ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಬಸಿದು ತೆಗೆಯುವ ಆ ರಸವಿಲ್ಲದೆ ಅವರ ಅಡುಗೆಯಿಲ್ಲ. ನಾನು ಹುಟ್ಟು ಸಸ್ಯಾಹಾರಿ. ಹೊರಗೇ ನಿಂತುಬಿಡಲೇ ಎನಿಸಿತು. ಪತ್ನಿ ಸೆರಗನ್ನು ಮೂಗಿಗೆ ತರಲಿಲ್ಲ. ಅವಳ ಸಂಸ್ಕಾರ ನನ್ನದಕ್ಕಿಂತ ಮೇಲು.

ಒಡತಿ ಎಪ್ಪತ್ತು ದಾಟಿದ ಮುದುಕಿ. ನಮ್ಮಿಬ್ಬರ ಮುಖ ನೋಡಿ "ಚಾಯ್?" ಎಂದು ಕೇಳಿದಳು. ಚಹಾ ಬೇಕೇ ಎನ್ನುತ್ತಿದ್ದಾಳೆಂದು ಭಾವಿಸಿ ಉತ್ಸಾಹದಿಂದ ತಲೆಯಾಡಿಸಿದೆ. ಮಗಳು ನಗತೊಡಗಿದಳು. ಅವರ ಭಾಷೆಯಲ್ಲಿ ಆ ಪದಕ್ಕೆ ಸಸ್ಯಾಹಾರವೆಂದು ಅರ್ಥವಂತೆ! ಅಲ್ಲಿನ ಬೌದ್ಧರಲ್ಲಿ ಅನೇಕರು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯಂದು ಮಾಂಸ ಮುಟ್ಟುವುದಿಲ್ಲ. ಕಟ್ಟುನಿಟ್ಟಿನವರು ಈರುಳ್ಳಿ ಬೆಳ್ಳುಳ್ಳಿಯನ್ನೂ ವರ್ಜಿಸುತ್ತಾರೆ. ನಮ್ಮ ಅಜ್ಜಿಯ ಮಡಿ ಅಡುಗೆಯ ವರ್ಣನೆಯನ್ನೇ ಕೇಳಿದಂತಾಯಿತು. ನಮಗೆ ಹುಣಸೆಹಣ್ಣು ಹಿಂಡಿದ ಒಂದು ಹುಳಿ ಬಂತು: ಟೊಮೆಟೊ, ಬೆಂಡೆಕಾಯಿ, ಅನಾನಸು, ಕೆಸುವಿನ ಜಾತಿಯ ದಂಟು. ಸಾಮಾನ್ಯವಾಗಿ ಅದಕ್ಕೆ ಮೀನು ಹಾಕುತ್ತಾರೆ. ನಮಗೆ ಸೋಯಾ ಗಿಣ್ಣು ಹಾಕಿದ್ದರು. ಒಗ್ಗರಣೆಯೊಂದು ಇದ್ದಿದ್ದರೆ ಮಳೆಗಾಲದ ನಮ್ಮೂರೇ!

ಬಡಿಸುವ ಮುನ್ನ ಆ ಮುದುಕಿ ಇನ್ನೊಂದು ಕೆಲಸ ಮಾಡಿದಳು. ನಮ್ಮೆದುರಿಗಿದ್ದ ಮೀನಿನ ರಸದ ಬಟ್ಟಲನ್ನು ತಾನೇ ಎತ್ತಿ ಮೇಜಿನ ಆ ತುದಿಗೆ, ಮೊಮ್ಮಗನ ಬಳಿಗೆ ಸರಿಸಿ, ನಮ್ಮ ಮುಂದೆ ಸೋಯಾ ರಸವನ್ನಿಟ್ಟಳು. ಯಾರ ಮುಖವೂ ಸಣ್ಣದಾಗಲಿಲ್ಲ.

ಆಗ ಹುಡುಗ ಹೇಳಿದ, ತನಗೆ ಕೋಳಿಯ 'ಫೋ' ಬೇಕೆಂದು. ಫೋ ಎಂದರೆ ಬಿಸಿ ಸಾರಿನಲ್ಲಿ ಮುಳುಗಿಸಿದ ಅಕ್ಕಿ ಶಾವಿಗೆ. ಮೇಜಿನಲ್ಲಿ ಮಾತು ನಿಂತುಹೋಯಿತು. ಅವನು ಕೋಳಿ ತಿನ್ನುವ ವಿಷಯ ಅವರಿಬ್ಬರಿಗೆ ಗೊತ್ತಿತ್ತು, ನಮಗಿರಲಿಲ್ಲ. ಮಗಳು ತನ್ನ ಅಂಗೈಯನ್ನು ಆಹಾರಪಟ್ಟಿಯ ಮೇಲಿಟ್ಟು, ಏನನ್ನೋ ಮುಚ್ಚುವವಳಂತೆ, ನನ್ನ ಮುಖವನ್ನೇ ನೋಡಿದಳು.

ಆ ಅಂಗೈಯನ್ನು ನಾನು ಹಿಂದೊಮ್ಮೆ ಕಂಡಿದ್ದೆ.

1989ರಲ್ಲಿ ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ನಾನು ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಮಳೆಗಾಲದಲ್ಲಿ ಮಕ್ಕಳು ತರಗತಿಯೊಳಗೇ ಬುತ್ತಿ ಬಿಚ್ಚುತ್ತಿದ್ದರು. ಒಬ್ಬ ಹುಡುಗ (ಹೆಸರು ಬರೆಯಲಾರೆ) ಗಂಜಿಯೂಟಕ್ಕೆ ಒಣಮೀನಿನ ಚಟ್ನಿ ತಂದಿದ್ದ. ನಾನು ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡು, "ಏನೋ ಇದು ನಾತ? ಹೊರಗೆ ಹೋಗಿ ತಿನ್ನು" ಎಂದೆ. ಅವನು ಅಂಗೈಯಿಂದ ಡಬ್ಬಿಯನ್ನು ಮುಚ್ಚಿಕೊಂಡ. ಉಳಿದವರು ನಕ್ಕರು. ಹೊರಗೆ ಮಳೆ ಸುರಿಯುತ್ತಿತ್ತು. ಅವನು ಜಗಲಿಯ ತುದಿಯಲ್ಲಿ ನಿಂತೇ ಉಂಡ. ಮರುದಿನದಿಂದ ಡಬ್ಬಿ ತರಲಿಲ್ಲ. ಆ ವರ್ಷವಿಡೀ ತರಲಿಲ್ಲ. ನಾನು ಅದನ್ನು ಗಮನಿಸಿದ್ದೆ. ಬಿ.ಎಡ್.ನಲ್ಲಿ ಶೈಕ್ಷಣಿಕ ಮನಶ್ಶಾಸ್ತ್ರಕ್ಕೆ ಒಳ್ಳೆಯ ಅಂಕಗಳನ್ನು ಪಡೆದಿದ್ದವನು ನಾನು!

ಇನ್ನು, ಬಂಧುಗಳಲ್ಲಿ ಕೆಲವರಿಗೆ ರುಚಿಸದಿರಬಹುದಾದ ಮಾತು. 2021ರ ಡಿಸೆಂಬರಿನಲ್ಲಿ ಕಲಬುರಗಿ, ಬೀದರ್ ಮೊದಲಾದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲಾರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದ್ದು ನೆನಪಿರಬಹುದು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇತ್ತು. ಆದರೂ ಒಂದೇ ಪಂಕ್ತಿಯಲ್ಲಿ ಒಬ್ಬನಿಗೆ ಮೊಟ್ಟೆ, ಇನ್ನೊಬ್ಬನಿಗೆ ಹಣ್ಣು ಕೊಟ್ಟರೆ ಎಳೆಯ ಮನಸ್ಸಿನಲ್ಲಿ ಭೇದ ಬೆಳೆಯುತ್ತದೆ ಎಂಬುದು ವಾದ. ಒಂದು ಮದುವೆಯ ಮನೆಯಲ್ಲಿ ಈ ವಾದವನ್ನು ನಾನೇ ದೊಡ್ಡ ದನಿಯಲ್ಲಿ ಮಂಡಿಸಿದ್ದೆ. ಕೇಳಿದವರು ಇದನ್ನು ಓದುತ್ತಿರಲೂಬಹುದು. ಆ ಮಾತನ್ನು ಇಂದು ಹಿಂತೆಗೆದುಕೊಳ್ಳುತ್ತಿದ್ದೇನೆ. ಅಪೌಷ್ಟಿಕತೆಯಿಂದ ಬಳಲುವ ಮಗುವಿಗೆ ಮೊಟ್ಟೆ ಏನು ಮಾಡುತ್ತದೆಂಬುದನ್ನು ವೈದ್ಯರು ಹೇಳಲಿ. ಭೇದದ ವಿಚಾರವನ್ನಂತೂ ನಾನು ಅನುಭವದಿಂದ ಬಲ್ಲೆ. ಅದನ್ನು ತಟ್ಟೆಯಲ್ಲಿರುವ ಪದಾರ್ಥ ಹುಟ್ಟಿಸುವುದಿಲ್ಲ. ಬಾಗಿಲಲ್ಲಿ ನಿಂತ ಮೇಷ್ಟ್ರ ಮೂಗು ಹುಟ್ಟಿಸುತ್ತದೆ. ಅಂದು ನಾನು ಏನನ್ನೂ ಹೇಳದೆ ಪಾಠ ಮುಂದುವರಿಸಿದ್ದರೆ ಆ ನಲವತ್ತು ಮಕ್ಕಳು ನಗುತ್ತಿರಲಿಲ್ಲ.

ನಾನು ಮಾಂಸ ತಿನ್ನಲು ಆರಂಭಿಸಿಲ್ಲ, ಆರಂಭಿಸುವುದೂ ಇಲ್ಲ. ಮೀನಿನ ವಾಸನೆ ನನಗೆ ಇಂದಿಗೂ ಆಗದು. ಆದರೆ ಪರದೇಶದ ಆ ಹೋಟೆಲಿನಲ್ಲಿ ನನ್ನ ವ್ರತವನ್ನು ಕಾಪಾಡಿದವಳು ಮೀನು ತಿನ್ನುವವಳು. ಅದಕ್ಕಾಗಿ ಆಕೆ ನನ್ನನ್ನು ಜಗಲಿಗೆ ಕಳಿಸಲಿಲ್ಲ, ನನ್ನ ಮೊಮ್ಮಗನನ್ನೂ ಕಳಿಸಲಿಲ್ಲ. ಒಂದು ಬಟ್ಟಲನ್ನು ಒಂದು ಮೊಳ ಸರಿಸಿದಳು, ಅಷ್ಟೆ. ನಾನು ಅಂದು ಒಂದು ಕಿಟಕಿ ತೆರೆದಿದ್ದರೆ ಸಾಕಿತ್ತು.

ಮೊಮ್ಮಗನಿಗೆ ಕೋಳಿಯ ಫೋ ಬಂತು. "ತಾತ, ವಾಸನೆ ಬರುತ್ತಾ?" ಎಂದು ಕೇಳಿದ. ಬರುತ್ತದೆ, ನೀನು ಬಿಸಿ ಇರುವಾಗಲೇ ತಿನ್ನು ಎಂದೆ. ಮಗಳು ಕೈಯನ್ನು ಮೇಜಿನಿಂದ ತೆಗೆದಳು. ಮನೆಗೆ ಮರಳುವಾಗ ಕಾರಿನಲ್ಲಿ, ಎರಡು ವರ್ಷದಿಂದ ಹೇಳಬೇಕೆಂದಿದ್ದೆ ಅಪ್ಪ ಎಂದು ಶುರುಮಾಡಿದಳು.

1989ರ ಆ ತರಗತಿಯವರು ಕೆಲವರು ನನ್ನ ಬರಹಗಳನ್ನು ಓದುತ್ತೀರಿ. ಯಾವ ಹುಡುಗನೆಂದು ನಿಮಗೆ ತಿಳಿದಿರುತ್ತದೆ. ಅವನ ಊರು ಬಲ್ಲವರಿದ್ದರೆ ನನಗೊಂದು ಫೋನ್ ಮಾಡಿ. ಮಳೆ ಹಿಡಿಯುವುದರೊಳಗೆ ಒಮ್ಮೆ ಅವನ ಮನೆಗೆ ಹೋಗಬೇಕೆಂದಿದ್ದೇನೆ. ಅವನು ಒಪ್ಪುವುದಾದರೆ, ಊಟದ ಹೊತ್ತಿಗೇ.